ಅಂಗಳಕ್ಕೆ ಬಂದ ಸಾಲ

ಅಮೆರಿಕದ ಡೇಟನ್ ಊರಿನ ನಮ್ಮ ಬೀದಿಯಲ್ಲಿ ಮೇ ಬಂತೆಂದರೆ ಮಕ್ಕಳು ತಾವು ಸೇರುವ ಕಾಲೇಜಿನ ಫಲಕವನ್ನು ಅಂಗಳದ ಹುಲ್ಲಿನಲ್ಲಿ ನೆಡುತ್ತಾರೆ. ನನ್ನ ಮೊಮ್ಮಗಳು ಕೋರಿನ್‌ಗೆ ಎರಡು ಕಾಲೇಜಿನವರು ಫಲಕ ಕಳಿಸಿದ್ದರು. ಯಾವುದಕ್ಕೆ ಸೇರುವುದೆಂದು ಮೇ ಒಂದರಂದೇ ತೀರ್ಮಾನ ಆಗಬೇಕಿತ್ತು. ಅವಳು ಗೊಂಬೆಯಾಟದ ಪದವಿ ಕೊಡುವ ಕಾಲೇಜಿನದನ್ನು ನೆಟ್ಟಳು. ಸ್ವಲ್ಪ ಹೊತ್ತಿಗೆ ಆ ಓದಿನ ಸಾಲವೇ ಫಲಕ ನೋಡಿಕೊಂಡು ಮನೆ ಹುಡುಕುತ್ತ ಬಂತು.

ಆನೆಯಂಥ ಮೈ. ಅದರ ಹಿಂದೆ ಒಬ್ಬ ಸಣಕಲ.

"ನೀನ್ಯಾರಪ್ಪ?" ಅಂದೆ.

"ಓದು ಮುಗಿದ್ಮೇಲೆ ಇವಳಿಗೆ ಸಿಗೋ ಸಂಬಳ ಅಜ್ಜಿ. ಈ ಸಾಲಾನ ನಾನೇ ಹೊರಬೇಕು."

"ಎಲ್ಲಿ, ಹೊತ್ತು ತೋರ್ಸು."

ಪಾಪ, ಹೊತ್ತ. ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಕುಸಿದ. ಸಾಲ ಅವನ ಮೇಲೆ ಕೂತೇ ಸೇಬಿನ ಪೈ ಕೇಳಿತು.

ಕೋರಿನ್ ಅಳುತ್ತ ಆ ಫಲಕ ಕಿತ್ತು, ಹಲ್ಲು ಶುಚಿ ಮಾಡುವ ಕೆಲಸ ಕಲಿಸುವ ಕಾಲೇಜಿನದನ್ನು ನೆಟ್ಟಳು. ಬಂದ ಸಾಲ ಬೆಕ್ಕಿನಷ್ಟು. ಅದರ ಜೊತೆಗಿದ್ದ ಸಂಬಳ ಗಟ್ಟಿಮುಟ್ಟಾದ ಹೆಂಗಸು. ಸಾಲವನ್ನು ಕಂಕುಳಲ್ಲಿ ಇರುಕಿಕೊಂಡೇ ನಮ್ಮ ಪಾತ್ರೆಯನ್ನೂ ತೊಳೆದಳು.

"ಮತ್ತೆ ನನ್ನ ಗೊಂಬೆಗಳು?" ಕೋರಿನ್ ಬಿಕ್ಕಿದಳು.

"ಸಾಲ ಹೊತ್ತೂ ಇವಳ ಕೈ ಇನ್ನೂ ಖಾಲಿ ಇದ್ಯಲ್ಲೇ ಪೆದ್ದಿ," ಅಂದೆ.

ಆ ಹೆಂಗಸು ಕೈ ಒರೆಸಿಕೊಂಡು, ಕೋರಿನ್ ಕಾಲುಚೀಲದಲ್ಲಿ ಮಾಡಿದ್ದ ಗೊಂಬೆಯನ್ನು ಕೈಗೆ ತೊಟ್ಟಳು. ಗೊಂಬೆ ಬಾಯಿ ತೆರೆಯಿತು: "ಅಳು ಸಾಕು, ಹಲ್ಲು ತೋರ್ಸೇ!"

ಕೋರಿನ್ ಹಲ್ಲು ತೋರಿಸಿ ನಕ್ಕಳು, ಹೊರಗೆ ಹೋಗಿ ಫಲಕವನ್ನು ಇನ್ನಷ್ಟು ಆಳಕ್ಕೆ ಊರಿದಳು. ಆನೆಯಂಥ ಸಾಲ ಆಗಲೇ ಪಕ್ಕದ ಮನೆಯ ಫಲಕ ಓದುತ್ತ ನಿಂತಿತ್ತು.