ಎಸ್ಪೆನ್ ಬಿಟ್ಟುಕೊಟ್ಟ ಜಾಗ

ಒಪ್ಪಿಕೊಂಡರೆ ಅಪ್ಪನ ಮುಖ ಅರಳುತ್ತದೆ, ನಿಜ. ಆದರೆ ಅಷ್ಟಕ್ಕಾಗಿ ವರ್ಷವಿಡೀ, ಇಲ್ಲದ ಕಕ್ಷಿದಾರನ ಪರವಾಗಿ ವಾದಿಸಬೇಕೇ? ಬಿಟ್ಟರೆ, ಹೆದರಿ ಬಿಟ್ಟ ಅಂತ ಜನ ಅನ್ನುವುದಿಲ್ಲವೇ? ಹೆದರಿಕೆಯೇ ಇರಬಹುದೇ?

ನಾರ್ವೆಯ ಬೆರ್ಗೆನ್‌ ವಿಶ್ವವಿದ್ಯಾಲಯದ ಕಾನೂನು ವಿಭಾಗದ ಕ್ಯಾಂಟೀನಿನಲ್ಲಿ ಎಸ್ಪೆನ್ ಆರಿದ ಕಾಫಿಯ ಮುಂದೆ ಕೂತಿದ್ದ. ಅಂತರರಾಷ್ಟ್ರೀಯ ಅಣಕು ನ್ಯಾಯಾಲಯ ಸ್ಪರ್ಧೆಯ ತಂಡಕ್ಕೆ ಅವನು ಆಯ್ಕೆಯಾಗಿದ್ದ. ವಿದ್ಯಾರ್ಥಿಗಳೇ ನಡೆಸುವ ಉಚಿತ ಕಾನೂನು ನೆರವು ಕೇಂದ್ರವೂ ಕರೆದಿತ್ತು. ಎರಡನ್ನೂ ನಿಭಾಯಿಸಲಾಗದು, ಸಂಜೆಯೊಳಗೆ ಒಂದಕ್ಕೆ ಹೂಂ ಅನ್ನಬೇಕು. ಫೆರಿ ಹಡಗಿನ ಕ್ಯಾಪ್ಟನ್ ಅಪ್ಪನಂತೂ, ಮಗ ಸ್ಪರ್ಧೆ ನಡೆಯುವ ಹೇಗ್ ನಗರದಲ್ಲಿ ನ್ಯಾಯಾಧೀಶರ ಮುಂದೆ ವಾದಿಸುತ್ತಾನೆಂದು ಫೆರಿಗೆಲ್ಲ ಸಾರಿಬಿಟ್ಟಿದ್ದ.

"ಏನೋ, ಗೂಬೆ ಥರ ಕೂತಿದ್ದೀಯ?" ತಂಡದ ತಿರಿಲ್ ಎದುರಿಗೆ ಬಂದು ಕೂತಳು. "ನೀನು ಬಾಯಿ ಬಿಟ್ರೆ ಜಡ್ಜ್‌ಗಳೇ ಪೆನ್ನು ಕೆಳಗಿಡ್ತಾರೆ ಕಣೋ. ವರ್ಷಕ್ಕೊಂದ್ಸಲ ಬಿಡ್ತೀಯ, ಅದು ಬೇರೆ ಮಾತು."

"ಸಂಜೆ ಹೇಳ್ತೀನಿ."

ನೆರವು ಕೇಂದ್ರಕ್ಕೆ ಸೇರುವ ಮೊದಲು ಒಂದು ಮಧ್ಯಾಹ್ನ ಕಕ್ಷಿದಾರರ ಎದುರು ಕೂರಬೇಕು. ಹಿರಿಯ ವಿದ್ಯಾರ್ಥಿಯೊಬ್ಬರು ಮೂಲೆಯಲ್ಲಿ ಸುಮ್ಮನೆ ನೋಡುತ್ತಿರುತ್ತಾರೆ. ಅಂದೇ ಮಧ್ಯಾಹ್ನ ಎಸ್ಪೆನ್ ಸರದಿ. ಅವನೆದುರು ಬಂದವನು ಲಿಥುವೇನಿಯಾದ ಆರ್ವಿದಾಸ್, ಅಪ್ಪನ ಫೆರಿಯಲ್ಲೇ ಅಡುಗೆಯವನು. ಮನೆಯೊಡೆಯ ಕಾರಣ ಹೇಳದೆ, ಬರೀ ಬಾಯಿಮಾತಲ್ಲಿ, ತಿಂಗಳೊಳಗೆ ಮನೆ ಬಿಡು ಅಂದಿದ್ದನಂತೆ. ಹೆಂಡತಿ ಮಗಳು ಊರಿಂದ ಬರುವವರಿದ್ದರು.

"ನಮ್ಮ ಕ್ಯಾಪ್ಟನ್ ಮಗನೂ ಲಾ ಓದ್ತಾನೆ, ದೊಡ್ಡ ಮಾತುಗಾರನಂತೆ," ಅಂದ ಆರ್ವಿದಾಸ್. "ಅವರಿಗೆ ಮಾತ್ರ ಇದು ತಿಳೀಬಾರದು. ನಾಚಿಕೆಯಾಗತ್ತೆ."

"ಇಲ್ಲಿನ ಮಾತು ನನ್ನ ಬಾಯಿಂದ ಹೊರಗೆ ಹೋಗಲ್ಲ," ಅಂದ ಎಸ್ಪೆನ್.

ಆಮೇಲೆ ಅವನು ಸುಮ್ಮನೆ ಕೇಳಿಸಿಕೊಂಡ. ಆರ್ವಿದಾಸ್ ತಡವರಿಸಿದ, ಕಣ್ಣೊರೆಸಿಕೊಂಡ, ಮತ್ತೆ ಮೊದಲಿನಿಂದ ಹೇಳಿದ. ಎಸ್ಪೆನ್ ಎಲ್ಲಿಯೂ ತಡೆಯಲಿಲ್ಲ. ಚಿಕ್ಕಂದಿನಿಂದ ಎಲ್ಲರೂ ಮೂದಲಿಸಿದ್ದ ತನ್ನ ಮೌನಕ್ಕೆ ಇಂಥದೊಂದು ಉಪಯೋಗವಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

ಸಂಜೆ ಅಪ್ಪನಿಗೆ ಫೋನ್ ಮಾಡಿದ. "ಸ್ಪರ್ಧೆಗೆ ಹೋಗ್ತಿಲ್ಲಪ್ಪ. ನೆರವು ಕೇಂದ್ರಕ್ಕೆ ಸೇರ್ತೀನಿ."

"ಫೆರಿಯವರಿಗೆ ಈಗ ನಾನೇನು ಹೇಳ್ಲಿ?" ಅಂದು ಅಪ್ಪ ಫೋನ್ ಇಟ್ಟ. ಆ ಚಳಿಗಾಲವೆಲ್ಲ ಅವರ ಮಾತು ಹವಾಮಾನದಾಚೆ ಹೋಗಲಿಲ್ಲ.

ಈಸ್ಟರ್ ರಜೆಯಲ್ಲಿ ಎಸ್ಪೆನ್ ಮನೆಗೆ ಬಂದಾಗ ಅಪ್ಪ ಮೀನಿನ ವಡೆ ಕರಿಯುತ್ತಿದ್ದ. ಬಾಣಲೆಯಿಂದ ಕಣ್ಣೆತ್ತದೆಯೇ ಶುರುಮಾಡಿದ.

"ನಮ್ಮ ಆರ್ವಿದಾಸ್ ಇದಾನಲ್ಲ, ಅವನ ಮನೆ ಉಳೀತು ಕಣೋ. ನೀವು ನಡ್ಸೋ ಆ ಕೇಂದ್ರದಿಂದ್ಲೇ ಅಂತೆ. ಊಟದ ಹೊತ್ತಲ್ಲಿ ಎಲ್ರ ಮುಂದೆ ಹೇಳ್ದ. ಯಾವನೋ ಹುಡುಗ, ಹೆಸರು ನೆನಪಿಲ್ಲವಂತೆ. ಇವನು ಅತ್ತು ಮುಗಿಸೋವರ್ಗೂ ತುಟಿ ಬಿಚ್ಚಲಿಲ್ಲವಂತೆ. ಆಮೇಲೆ ಒಂದೇ ಮಾತು, ನೀವು ಎಲ್ಲಿಗೂ ಹೋಗ್ಬೇಕಾಗಿಲ್ಲ ಅಂತ. ಯಾರ ಮಗನೋ! ಅವನಪ್ಪ ಎದೆ ಉಬ್ಬಿಸ್ಕೊಂಡು ಓಡಾಡ್ಬೇಕು. ನಿಂಗೆ ಗೊತ್ತಾ ಅವನು?"

ನಾನೇ ಅಪ್ಪ ಅನ್ನುವ ಮಾತು ಎಸ್ಪೆನ್ ತುಟಿಯವರೆಗೆ ಬಂತು. ಆರ್ವಿದಾಸ್ ಹೇಳಿಕೊಳ್ಳಬಹುದು, ಅವನ ವಿಷಯ ಅದು. ತಾನು ಮಾತು ಕೊಟ್ಟವನು.

"ಕೇಂದ್ರದ ವಿಷಯ ಹೊರಗೆ ಹೇಳೋ ಹಾಗಿಲ್ಲಪ್ಪ."

"ಓಹೋ, ಆಗ್ಲೇ ವಕೀಲನಾಗ್ಬಿಟ್ಟ ನೋಡು!" ಅಪ್ಪ ನಕ್ಕು, ಬಿಸಿ ವಡೆಯೊಂದನ್ನು ಅವನ ತಟ್ಟೆಗೆ ಹಾಕಿದ. "ಒಳ್ಳೆಯವರ ಜೊತೆಗೇ ಸೇರಿದ್ದೀಯ. ಫೆರಿಯವರಿಗೂ ಹಾಗೇ ಹೇಳಿದೀನಿ."

ಆ ಹುಡುಗ ತಾನೇ ಎಂದು ಎಸ್ಪೆನ್ ಅಪ್ಪನಿಗೆ ಎಂದೂ ಹೇಳಲಿಲ್ಲ.