ಗರ್ಡರಿನ ಜುಟ್ಟು

ಸ್ಪ್ಯಾನರ್ ಜಾರಿ, ಎಲ್ಲರೂ ಕಡ್ಡಿ ಎಂದು ಕರೆಯುವ ಹುಡುಗನ ಬೆರಳಿನ ಗೆಣ್ಣು ಉಕ್ಕಿಗೆ ಬಡಿಯಿತು. ಬೈಗುಳ ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡ. ಎದೆಗೆ ಸಿಕ್ಕಿಸಿದ್ದ ವಾಕಿಟಾಕಿಯ ಆ ತುದಿಯಲ್ಲಿ ಅಕ್ಕ ಇದ್ದಳು, ಎದುರಿನ ಕ್ರೇನಿನ ಗೂಡಿನಲ್ಲಿ ಕೂತು ಅದನ್ನು ನಡೆಸುತ್ತಾ.

"ಪಾಪು, ಕೈಗೇನಾಯ್ತೋ?"

"ಏನಿಲ್ಲ. ಎಲ್ರೂ ಕೇಳಿಸ್ಕೊಳ್ತಾರೆ, ಪಾಪು ಅನ್ಬೇಡ."

"ಸರಿ ಪಾಪು."

ಕೆಳಗೆ ಮೇಸ್ತ್ರಿಯ ಹೊಟ್ಟೆ ನಗುವಿಗೆ ಕುಲುಕಿದ್ದು ಅಷ್ಟೆತ್ತರದಿಂದಲೂ ಕಾಣಿಸಿತು.

ಸೇತುವೆಯ ಮೊದಲ ಗರ್ಡರನ್ನು, ಉಕ್ಕಿನ ಉದ್ದ ತೊಲೆಯನ್ನು, ನಿನ್ನೆಯೇ ನಿಲ್ಲಿಸಿ ಕಂಬಗಳಿಗೆ ಬಿಗಿದಾಗಿತ್ತು. ಕಡ್ಡಿ ಈಗ ಕಾಲು ಇಳಿಬಿಟ್ಟು ಕೂತಿದ್ದದ್ದು ಎರಡನೆಯದರ ಮೇಲೆ. ಅದೂ ಕಂಬಗಳ ಮೇಲೆ ಕೂತಿತ್ತು, ಆದರೆ ಅದರ ಜುಟ್ಟು ಇನ್ನೂ ಅಕ್ಕನ ಕ್ರೇನಿನ ಹುಕ್ಕಿನ ಹಿಡಿತದಲ್ಲಿತ್ತು. ಉದ್ದಕ್ಕೆ ಒಂದು ಬೀದಿಯಷ್ಟಿದ್ದರೂ ಮೈ ಬಡಕಲು. ಒಂಟಿಯಾಗಿ ಬಿಟ್ಟರೆ ನಿದ್ದೆಗಣ್ಣಿನವರ ಹಾಗೆ ಪಕ್ಕಕ್ಕೆ ವಾಲಿ, ಸೊಂಟ ತಿರುಚಿಕೊಂಡು ಮಗುಚುತ್ತದೆ. ಎರಡರ ನಡುವೆ ಕೂರಿಸುವ ಅಡ್ಡಪಟ್ಟಿಗಳು, ಅಂದರೆ ಬ್ರೇಸುಗಳೆಲ್ಲ, ಬಿಗಿದು ಒಂದಕ್ಕೊಂದು ಆತುಕೊಳ್ಳುವ ತನಕ ಹುಕ್ಕು ಬಿಡುವಂತಿಲ್ಲ. ಅಲ್ಲಿಯವರೆಗೆ ಅದನ್ನು ಎತ್ತಿದ ಕ್ರೇನಿನವರು ಸೀಟು ಬಿಟ್ಟು ಏಳುವಂತಿಲ್ಲ.

ಮಧ್ಯಾಹ್ನಕ್ಕೇ ಮುಗಿಯಬೇಕಿತ್ತು. ಸಂಜೆ ಶಾಲೆಯಲ್ಲಿ ಅಕ್ಕನ ಮಗಳು ಚಿನ್ನಿಯ ನಾಟಕ. ಅಕ್ಕನನ್ನು ಬೇಗ ಕಳಿಸಬೇಕೆಂಬ ಅವಸರದಲ್ಲಿ ಕಡ್ಡಿ ಬ್ರೇಸುಗಳನ್ನೆಲ್ಲ ತಲೆಕೆಳಗಾಗಿ ಸಿಕ್ಕಿಸಿದ್ದ. ಮೇಲಿನ ಬೋಲ್ಟಿನ ತೂತುಗಳು ಸುಮ್ಮನೆ ಹೊಂದಿಕೊಂಡವು. ಕೆಳಗಿನವು ತಕರಾರು ತೆಗೆದಾಗಲೇ ತಿಳಿದದ್ದು. ಬಿಚ್ಚಿ, ತಿರುಗಿಸಿ, ಮತ್ತೆ ಬಿಗಿಯುವಷ್ಟರಲ್ಲಿ ಬಿಸಿಲು ಕಂಬದಾಚೆ ಇಳಿದಿತ್ತು.

ಚಿನ್ನಿಯದು ಮರದ ಪಾತ್ರ, ಮಾತಿಲ್ಲ. "ನಾನು ಅಲ್ಲಾಡ್ದೆ ನಿಂತ್ಕೊಳ್ತೀನಿ, ನೀನು ನೋಡ್ಲೇಬೇಕು" ಎಂದು ಬೆಳಿಗ್ಗೆ ಅಮ್ಮನಿಂದ ಭಾಷೆ ತೆಗೆದುಕೊಂಡಿದ್ದಳು.

ಕಡ್ಡಿ ಕ್ರೇನಿನತ್ತ ನೋಡಿದ. ಗಾಜಿನ ಹಿಂದೆ ಅಕ್ಕನ ಕೈಗಳು ಲಿವರಿನ ಮೇಲೆ, ಕಣ್ಣು ಇವನ ಮೇಲೆ. ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ಕಾಲರ್ ಹಿಡಿದೇ ನಡೆಸುತ್ತಿದ್ದಳು. ಶಾಲೆ ಮುಗಿಯುವ ತನಕ ಇವನ ಒಂದು ಅಂಗಿಯ ಕಾಲರೂ ನೆಟ್ಟಗಿರಲಿಲ್ಲ.

"ಅಕ್ಕ, ತುದಿಯ ಬ್ರೇಸು ಎರಡೇ ಬಾಕಿ. ಗಾಳೀನೂ ಇಲ್ಲ. ಹಗ್ಗ ಸ್ವಲ್ಪ ಸಡಿಲ ಮಾಡು, ಹುಕ್ಕು ಬಿಚ್ತೀನಿ. ನೀನು ಹೊರಡು."

"ಅದು ಮಗುಚಿದ್ರೆ ನೀನೆಲ್ಲಿರ್ತೀಯ?"

"ಬಿಚ್ಚಿದ ತಕ್ಷಣ ಮೊದಲ್ನೇ ಗರ್ಡರಿಗೆ ದಾಟ್ಕೊಳ್ತೀನಿ."

"ಸೇಫ್ಟಿ ಬೆಲ್ಟು ಯಾವುದಕ್ಕೆ ಸಿಕ್ಕಿಸ್ಕೊಂಡಿದೀಯ, ನೋಡ್ಕೊ."

ನೋಡಿಕೊಂಡ. ಕೂತಿದ್ದ ಈ ಗರ್ಡರಿಗೇ. ಕಿವಿ ಬಿಸಿಯಾಯಿತು.

"ಬದಲಾಯಿಸ್ತೀನಿ ಬಿಡು. ಹೋಗಕ್ಕ. ನನ್ನ ತಪ್ಪಿಗೆ ಚಿನ್ನಿ ಯಾಕೆ ಅಳ್ಬೇಕು?"



"ಬಿಡಲ್ಲ" ಎಂದಳು ಅಕ್ಕ. "ಬೋಲ್ಟ್ ಬಿಗಿ, ಪಾಪು."