ರವಿವಾರ ಪೇಟೆಯ ಹೂಂ

ಪಾರಿಶ್ವಾಡದ ಮಾಯಪ್ಪನಿಗೆ ಕತೆ ಹೇಳುವುದು ಗೊತ್ತಿತ್ತು, ಬಂಡವಾಳ ಕೇಳುವುದು ಗೊತ್ತಿರಲಿಲ್ಲ. ದೇಸೂರಿನಲ್ಲಿ ಉಣ್ಣೆ ಹಿಂಜುವ ಯಂತ್ರ ಹಾಕಬೇಕು, ಬೆಳಗಾವಿಯ ಕಂಬಳಿ ವ್ಯಾಪಾರಿ ಗುರುಪುತ್ರಪ್ಪ ಅದಕ್ಕೆ ಪಾಲುದಾರನಾಗಬೇಕು. ಹೇಗೆ ಕೇಳಬೇಕೆಂದು ಕಲಿಸಿದವಳು ಹೆಂಡತಿ ಸತ್ಯವ್ವ.

"ಮಿಷನ್ನಿಂದ ಸುರು ಮಾಡಬ್ಯಾಡ್ರಿ. ಮೊದಲ ಕಂಬಳಿ ಹಾಸ್ರಿ. ಆಮ್ಯಾಲ ಕುರಿ, ಆಮ್ಯಾಲ ಉಣ್ಣಿ, ಆಮ್ಯಾಲ ನನ್ನ ಕೆಮ್ಮು."

"ನಿನ್ನ ಕೆಮ್ಮು ಯಾಕ?"

"ಮತ್ತ ನಿಮ್ಮ ಮೀಸಿ ನೋಡಿ ರೊಕ್ಕ ಹಾಕ್ತಾರೇನು?"

ಮೂವತ್ತು ವರ್ಷ ಬಿಲ್ಲಿನಿಂದ ಉಣ್ಣೆ ಹಿಂಜಿ ಹಿಂಜಿ ಅದರ ಧೂಳು ಅವಳ ಎದೆ ಸೇರಿತ್ತು. ಆದರೂ ದಿನಾ ಎದುರು ಕೂತು ಅವನಿಂದ ಹೇಳಿಸಿ, ಮಾತು ಮಾತಿಗೂ ಹೂಂಗುಟ್ಟುತ್ತಿದ್ದಳು. ಕೇಳುವವರು ಹೂಂ ಅನ್ನದೆ ಕತೆ ಮುಂದೆ ಹೋಗದು, ಅವರ ಕಡೆಯ ರೀತಿ ಅದು. ಶ್ರಾವಣದಲ್ಲಿ ಸತ್ಯವ್ವ ತೀರಿಕೊಂಡಳು.

ಕಾರ್ತಿಕದಲ್ಲಿ ಮಾಯಪ್ಪ ಹಣೆಗೆ ಕುಲದೇವರು ಬೀರಪ್ಪನ ಭಂಡಾರದ ಅರಿಶಿನ ಹಚ್ಚಿಕೊಂಡು ಬೆಳಗಾವಿಯ ರವಿವಾರ ಪೇಟೆಗೆ, ಗುರುಪುತ್ರಪ್ಪನ ಅಂಗಡಿಗೆ ಹೋದ.

"ಬರ್ರಿ ಮಾಯಪ್ಪ, ಕುಂದರ್ರಿ. ಏನೋ ಯೋಜನಾ ಐತಂತಲ್ಲ?"

ಕಂಬಳಿ ಹಾಸಿ ಮಾಯಪ್ಪ ಒಂದು ಮಾತು ಹೇಳಿದ. ಹೂಂ ಬರಲೆಂದು ನಿಂತ. ಗುರುಪುತ್ರಪ್ಪ ಹುಬ್ಬೇರಿಸಿದ.

"ಯಾಕ್ರಿ, ಮರ್ತ್ರೇನು?"

ಮಾಯಪ್ಪ ಕಣ್ಣು ಮುಚ್ಚಿ ಬೀರಪ್ಪನನ್ನು ನೆನೆದ. ಅಂಗಡಿಯಲ್ಲಿ ಎಲ್ಲೋ ಫೋನು ರಿಂಗಣಿಸಿ ನಿಂತಿತು. ಆಗ ಕೇಳಿಸಿತು: "ಹೂಂ."

ಕತೆಯಲ್ಲಿ ಕುರಿ ಬಂತು. "ಹೂಂ." ಉಣ್ಣೆ ಬಂತು. "ಹೂಂ, ಹೂಂ." ಸತ್ಯವ್ವ ಕಲಿಸದೇ ಇದ್ದದ್ದೂ ಬಂತು.

"ಅವತ್ತ ಮುಂಜಾನೆ ಕೆಮ್ಮು ನಿಂತಿತ್ರಿ. ಆರಾಮಾತಂತ ಖುಷಿಲೆ ಚಾ ಕಾಸಾಕ ಹ್ವಾದೆ. ತಂದು ಎಬ್ಬಿಸಿದೆ, ಏಳಲಿಲ್ರಿ."

"ಹೂಂ."

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕಣ್ಣು ತೆರೆದ. ಗುರುಪುತ್ರಪ್ಪ ಗೋಡೆಯ ಕಡೆ ತಿರುಗಿ ಕಿವಿಗೆ ಫೋನು ಹಿಡಿದು ಹೂಂಗುಟ್ಟುತ್ತಿದ್ದ.

"ಸೊಲ್ಲಾಪುರದವ್ರು ನೋಡ್ರಿ, ಬಿಡೂದೇ ಇಲ್ಲ," ಎಂದು ಅದನ್ನು ಕೆಳಗಿಟ್ಟ. "ಹಾಂ, ಕಂಬಳಿ ಹಾಸಿದ್ರಿ. ಆಮ್ಯಾಲ?"

ಮಾಯಪ್ಪ ಬಾಯಿ ತೆರೆದ. ಇನ್ನೊಮ್ಮೆ ಅವಳನ್ನು ಸಾಯಿಸಲು ಅವನಿಂದ ಆಗಲಿಲ್ಲ.

"ಇಷ್ಟ ನೋಡ್ರಿ," ಎಂದ.

"ಮಿಷನ್ನಿನ ಮಾತೇ ಬರಲಿಲ್ಲಲ್ರಿ?" ಗುರುಪುತ್ರಪ್ಪ ನಕ್ಕ. "ಇರ್ಲಿ, ಮುಂದ ಯಾವಾಗರ ನೋಡೂಣು."

ಕಂಬಳಿ ಮಡಚಿಕೊಂಡು ಮಾಯಪ್ಪ ಊರಿಗೆ ಬಂದ. ಕಟ್ಟೆಯ ಮೇಲೆ ಸತ್ಯವ್ವನ ತಂಗಿ ಗೌರವ್ವ ಅಕ್ಕನ ಬಿಲ್ಲು ಹಿಡಿದು ಉಣ್ಣೆ ಹಿಂಜುತ್ತಿದ್ದಳು. ಧೂಳಿಗೆ ತಲೆಯ ಸೆರಗೆಲ್ಲ ಬೆಳ್ಳಗಾಗಿತ್ತು.

"ಏನಂದ್ರು, ಮಾವ?"

ಮಾಯಪ್ಪ ಕಂಬಳಿಯನ್ನು ಕಟ್ಟೆಯ ಮೇಲಿಟ್ಟ.

"ಹೂಂ ಅಂದ್ರವ್ವ."

ಗೌರವ್ವ ಬಿಲ್ಲು ಕೆಳಗಿಟ್ಟು, ಬೀರಪ್ಪನ ಗುಡಿಯ ಕಡೆ ಕೈ ಮುಗಿದು, ಕೆಮ್ಮಿದಳು.